ಗೋಡೆ ಬಿಟ್ಟು ನಿಂತ ಕಪಾಟು

ವಾಡಿಗೆ ಬಂದ ಮೊದಲ ಮುಂಜಾನೆ ಚಹಾಕ್ಕೆ ನೀರಿಟ್ಟು ಕುಳಿತಿದ್ದೆ. ಕಾಲಡಿಯ ಪರ್ಸಿಕಲ್ಲಿನ ನೆಲ ಗುರ್ ಎಂದಿತು. ಗೋಡೆಯ ಮಾಡದಲ್ಲಿ ಇಟ್ಟಿದ್ದ ತಾಟುಗಳು ತಾವಾಗಿಯೇ ಸರಿದು ಅಂಚಿಗೆ ಬಂದವು. ನಮ್ಮ ಚಿಂಚೋಳಿ ಕಡೆ ಭೂಮಿ ಆಗಾಗ ಸದ್ದು ಮಾಡುವುದು ನಿಮಗೂ ಗೊತ್ತು. ಅದೇ ಎಂದುಕೊಂಡು ಒಲೆ ಆರಿಸಿ ಹೊರಗೆ ಓಡಿದೆ. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಮನೆಯೊಡತಿ, ‘ಮಾಲ್‌ಗಾಡಿ ಹೋಗ್ಲಿಕತ್ತದ ಬಾಯಿ’ ಎಂದಷ್ಟೇ ಹೇಳಿ ಇನ್ನೊಂದು ಬಟ್ಟೆ ಹಿಂಡಿದಳು. ನಾನು ಒಳಗೆ ಹೋಗಿ ತಾಟುಗಳನ್ನು ನೆಲಕ್ಕಿಳಿಸಿದೆ. ಹಗಲೂ ರಾತ್ರಿ ರೈಲುಗಾಡಿ ಓಡಾಡುವ ಆ ಊರಿನಲ್ಲಿ ತಾಟಿನಂತೆ ನಾನೂ ಒಂದು ಕಡೆ ನಿಲ್ಲಲಾರದೆ ಸರಿದಾಡುತ್ತಿದ್ದೆ.

ಸಂಗೀತಾ, ಪ್ರಭು, ನಿಮ್ಮ ಆಯಿ ಈ ವಯಸ್ಸಿನಲ್ಲಿ ಬಡಿಗತನ ಕಲಿಯಲು ಮನೆ ಬಿಟ್ಟು ಯಾಕೆ ಹೋದಳೆಂದು ಊರಿನವರು ಒಬ್ಬೊಬ್ಬರು ಒಂದೊಂದು ಹೇಳಿರಬಹುದು. ನಿಮ್ಮ ಮುತ್ಯಾ, ನನ್ನ ಗಂಡ, ಬಡಿಗರು. ಅವರು ಕೊಯ್ಯುವಾಗ ಕಟ್ಟಿಗೆಯ ಇನ್ನೊಂದು ತುದಿ ಹಿಡಿದವಳು ನಾನು. ತಿಕ್ಕಿ ನುಣುಪು ಮಾಡಿದವಳು, ಪಾಲಿಶ್ ಹಚ್ಚಿದವಳೂ ನಾನೇ. ಅವರು ತೀರಿಹೋದ ಮೇಲೆ, ಇನ್ನು ಕೆಲಸ ನಾನು ಮಾಡುತ್ತೇನೆಂದರೆ ಒಂದು ಮಣೆ ಮಾಡಿಕೊಡೆಂದೂ ಯಾರೂ ಹೇಳಲಿಲ್ಲ. ಅವರ ಉಳಿ, ಗರಗಸ, ಹತಾರಗಳೆಲ್ಲ ಮೂಲೆಯಲ್ಲಿ ತುಕ್ಕು ಹಿಡಿಯತೊಡಗಿದವು. ಹೆಂಗಸರಿಗೆ ಕಪಾಟು, ಮೇಜು ಮಾಡಲು ಕಲಿಸುವ ಕೇಂದ್ರ ವಾಡಿಯಲ್ಲಿದೆ, ಪರೀಕ್ಷೆ ಪಾಸಾದರೆ ಸರ್ಟಿಫಿಕೇಟ್ ಕೊಡುತ್ತಾರೆ ಎಂದು ತಿಳಿದಾಗ ಹೊರಟು ನಿಂತೆ. ನನ್ನ ಮಗ, ನಿಮ್ಮಪ್ಪ, ತಡೆಯಲಿಲ್ಲ. ‘ಒಂದ್ ಸಲ ನೋಡು ಯವ್ವಾ. ಫೇಲಾದ್ರ ಸುಮ್ನ ಮನಿಗಿ ಬಾ. ಹತಾರ ಯಾರಿಗರ ಕೊಟ್ಟುಬಿಡಮಿ’ ಎಂದ. ಬಸ್ಸು ಸೇಡಂ ದಾಟಿದರೂ ಆ ಮಾತು ಕಿವಿಯಲ್ಲೇ ಇತ್ತು.

ನಮ್ಮೂರಿನಲ್ಲಿ ಮಾತಿನ ನಡುವೆ ತೆಲುಗು ನುಸುಳುತ್ತದೆ, ವಾಡಿಯಲ್ಲಿ ಉರ್ದು. ನಮ್ಮ ಉಳಿ ಅಲ್ಲಿ ಪಟಾಶಿ. ಮೂಲೆ ನೆಟ್ಟಗಿದೆಯೇ ಎಂದು ನೋಡುವ ಮೂಲೆಮಟ್ಟ ಅಲ್ಲಿ ಗುಣ್ಯಾ. ಊರಲ್ಲಿ ಎದುರಾದವರು ಊಟ ಆಯಿತೇ ಎಂದು ಕೇಳಿದರೆ, ಅಲ್ಲಿಯವರು ಯಾವ ಡ್ಯೂಟಿ ಎಂದು ಕೇಳುತ್ತಾರೆ. ನನ್ನ ಕೋಣೆಯ ಗೋಡೆಯಾಚೆ ಮನೆಯೊಡತಿಯ ಅಳಿಯ ಸಿಮೆಂಟ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಬಂದು ಮಲಗುತ್ತಿದ್ದ. ನಾನು ರೊಟ್ಟಿ ಬಡಿದರೆ ಅವನಿಗೆ ಎಚ್ಚರವಾಗುತ್ತಿತ್ತು. ಹಾಗಾಗಿ ಸದ್ದಿಲ್ಲದೆ ಚಪಾತಿ ಲಟ್ಟಿಸುವುದನ್ನು ರೂಢಿ ಮಾಡಿಕೊಂಡೆ. ಚಪಾತಿಗೆ ಪುಂಡಿಪಲ್ಯ ಹಚ್ಚಿಕೊಂಡು ತಿನ್ನುವಾಗ ಯಾರದೋ ಮನೆಗೆ ಊಟಕ್ಕೆ ಬಂದಂತೆ ಅನಿಸುತ್ತಿತ್ತು.

ರವಿವಾರ ಕೇಂದ್ರ ಮುಚ್ಚಿರುತ್ತಿತ್ತು. ಅಂದು ಕೋಣೆಯಲ್ಲಿ ಕುಳಿತರೆ ಕೈ ಸುಮ್ಮನಿರುತ್ತಿರಲಿಲ್ಲ. ಪಾತ್ರೆ ತೊಳೆದದ್ದನ್ನೇ ತೊಳೆದು, ಕೊನೆಗೆ ರೈಲು ಹತ್ತಿ ಶಹಾಬಾದಿಗೆ ಹೋಗಿ ಫರ್ನಿಚರ್ ಅಂಗಡಿಗಳ ಮುಂದೆ ನಡೆದಾಡುತ್ತಿದ್ದೆ. ಏನು ಬೇಕೆಂದು ಯಾರಾದರೂ ಕೇಳಿದರೆ ಸೆರಗು ಎಳೆದುಕೊಂಡು ಮುಂದೆ ಸಾಗುತ್ತಿದ್ದೆ. ಅಲ್ಲಿದ್ದಾಗ ವಾಡಿಯ ಕೋಣೆಗೆ ಮರಳಬೇಕೆನಿಸುತ್ತಿತ್ತು. ಕೋಣೆಗೆ ಬಂದರೆ ಊರಿಗೆ.

ನಮಗೆ ಕಲಿಸುವವರು ಇಸ್ಮಾಯಿಲ್ ಉಸ್ತಾದರು. ನನ್ನ ಪಕ್ಕದಲ್ಲಿ ಕೆಲಸ ಮಾಡುವವಳು ದಂಡೋತಿಯ ರೇಣುಕಾ, ನನ್ನ ಮಗಳ ವಯಸ್ಸಿನವಳು. ಉಸ್ತಾದರನ್ನು ನೇರವಾಗಿ ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ನನ್ನ ಮುಖ ನೋಡಿ ರೇಣುಕಾಳೇ, ‘ಉಸ್ತಾದರ, ಅಕ್ಕಾರ ಹೊಟ್ಟ್ಯಾಗ ಒಂದ್ ಪ್ರಶ್ನಿ ಅದರಿ’ ಎನ್ನುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ರೂಢಿಗಾಗಿ ಒಂದೊಂದು ಕಪಾಟು ಮಾಡಬೇಕಿತ್ತು. ಎರಡು ಕದ, ಕೆಳಗೊಂದು ಡ್ರಾಯರ್. ನಮ್ಮೂರಿನಲ್ಲಿ ಕಪಾಟು ಗೋಡೆಯೊಳಗೇ ಇರುತ್ತದೆ. ದಪ್ಪ ಕಲ್ಲುಗೋಡೆಯಲ್ಲಿ ಜಾಗ ಬಿಟ್ಟು ಪರ್ಸಿಕಲ್ಲನ್ನೇ ಹಲಗೆಯಾಗಿ ಕೂರಿಸುತ್ತಾರೆ. ಬಡಿಗರು ಮಾಡುವುದು ಮುಂದಿನ ಚೌಕಟ್ಟು ಮತ್ತು ಕದ ಮಾತ್ರ. ಬೆನ್ನು, ಬದಿ ಎಲ್ಲವೂ ಗೋಡೆಯದೇ. ಯಾವ ಗೋಡೆಯೂ ಪೂರ್ತಿ ನೆಟ್ಟಗಿರುವುದಿಲ್ಲ. ಅದು ಎತ್ತ ವಾಲಿದೆಯೆಂದು ಕಣ್ಣಿನಿಂದಲೇ ನೋಡಿ, ಚೌಕಟ್ಟನ್ನು ಅದಕ್ಕೆ ತಕ್ಕಂತೆ ಕೆತ್ತುವುದೇ ನಿಮ್ಮ ಮುತ್ಯಾನ ಹೆಚ್ಚುಗಾರಿಕೆ. ನನ್ನ ಕೈಗೂ ಅದೇ ಹತ್ತಿತ್ತು. ನಾನು ನನ್ನ ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕೂದಲೆಳೆಯಷ್ಟೂ ಸಂದು ಉಳಿಯದಂತೆ ಬದಿಗಳನ್ನು ಕೆತ್ತಿದೆ. ಸಾಲಿನಲ್ಲಿ ನನ್ನದೇ ಚೆಂದ ಕಾಣುತ್ತಿತ್ತು.

ಉಸ್ತಾದರು ಬಂದು ಅದನ್ನು ಗೋಡೆಯಿಂದ ನಡುವಿಗೆ ಎಳೆದರು. ಕಪಾಟು ಒಂದು ಕಡೆ ವಾಲಿತು. ಕದ ತಾನೇ ತೆರೆದುಕೊಂಡಿತು. ಡ್ರಾಯರ್ ಅರ್ಧಕ್ಕೆ ಸಿಕ್ಕಿಕೊಂಡಿತು.

‘ಅಕ್ಕಾರ, ಇದು ಕಪಾಟಲ್ರಿ, ಗ್ವಾಡಿ ಹೆಣ್ತಿ. ಗಂಡನ್ನ ಬಿಟ್ಟು ನಿಂದ್ರಂಗಿಲ್ಲ.’

ಎಲ್ಲರೂ ನಕ್ಕರು. ಆಮೇಲೆ ನಾನು ಗಂಡನನ್ನು ಕಳೆದುಕೊಂಡವಳೆಂದು ಯಾರಿಗೋ ನೆನಪಾಗಿ ನಗು ಅಲ್ಲಿಗೇ ನಿಂತಿತು. ಉಸ್ತಾದರ ಮುಖ ಸಣ್ಣದಾಯಿತು. ನಾನು ನೆಲದ ಮೇಲಿನ ಕಟ್ಟಿಗೆ ಹೊಟ್ಟನ್ನು ನೋಡುತ್ತಾ ನಿಂತಿದ್ದೆ. ಮಾತು ಹೇಗೆ ಹೊರಬಂತೋ ಗೊತ್ತಿಲ್ಲ.

‘ಗ್ವಾಡಿನೇ ಸೊಟ್ಟ ಇದ್ರ ಹೆಣ್ತಿ ನೆಟ್ಟಗ ಹ್ಯಾಂಗ ನಿಂದರ್ತಾಳ್ರಿ?’

‘ಅಕ್ಕಾರಿಗಿ ಬಾಯಿ ಅದ ಅಂತ ಇವತ್ತ್ ಗೊತ್ತಾಯ್ತು’ ಎಂದಳು ರೇಣುಕಾ. ಈ ಸಲ ಉಸ್ತಾದರೂ ನಕ್ಕರು. ಆದರೆ ಕೋಣೆಗೆ ಬಂದ ಮೇಲೆ ನನಗೆ ನಗು ಬರಲಿಲ್ಲ. ಮುತ್ಯಾ ಕಲಿಸಿದ್ದು ಇಲ್ಲಿ ತಪ್ಪಾದರೆ, ಅವರ ಹತಾರ ಹಿಡಿಯಲು ನನಗೇನು ಹಕ್ಕು ಎಂದು ಕಳವಳವಾಯಿತು.

ಮರುದಿನ ಉಸ್ತಾದರು ನನ್ನ ಸಾಮಾನನ್ನೆಲ್ಲ ಅಂಗಳದ ಬೇವಿನ ಮರದ ಕೆಳಗೆ ಹಾಕಿಸಿದರು. ಅಲ್ಲಿ ಒರಗಿಸಲು ಗೋಡೆ ಇರಲಿಲ್ಲ. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಒಂದು ದಾರ ಹಿಡಿಯಬೇಕು, ಆಮೇಲೆ ಇನ್ನೆರಡು ಮೂಲೆಗೆ ಅದೇ ದಾರ ಹಿಡಿಯಬೇಕು, ಎರಡೂ ಒಂದೇ ಉದ್ದ ಬಂದರೆ ಪೆಟ್ಟಿಗೆ ನೆಟ್ಟಗಿದೆ ಎಂದರ್ಥ, ಎಂದು ತಾವೇ ಹಿಡಿದು ತೋರಿಸಿದರು. ಕೂಡಿಸಿದ್ದನ್ನು ಬಿಚ್ಚಿದೆ, ಮತ್ತೆ ಕೂಡಿಸಿದೆ. ದಾರ ಒಂದು ಕಡೆ ಕಡಿಮೆಯಾಗುತ್ತಿತ್ತು, ಸರಿಪಡಿಸಿದರೆ ಇನ್ನೊಂದು ಕಡೆ. ಬೆನ್ನಿನ ಹಲಗೆ ಹಾಕಿದ ಮೇಲೂ ಕೈ ಅದರಾಚೆ ಗೋಡೆಯನ್ನು ಹುಡುಕುತ್ತಿತ್ತು.

ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಸಾಹೇಬರು ಬಂದಿದ್ದರು. ನಾನು ಮಾಡಿದ ಕಪಾಟಿನ ನೆತ್ತಿಯ ಮೇಲೆ ಅಂಗೈ ಊರಿ ನೂಕಿದರು. ಅದು ಅಲುಗಲಿಲ್ಲ. ಡ್ರಾಯರ್ ಎಳೆದು ಮುಚ್ಚಿದರು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕೊನೆಗೆ ಹಿಂದೆ ಹೋಗಿ ಬೆನ್ನನ್ನು ಸವರಿ, ಯಾರೂ ನೋಡದ ಹಿಂಬದಿಯನ್ನು ಇಷ್ಟು ನುಣುಪು ಯಾಕೆ ಮಾಡಿದಿರಿ ಎಂದು ಕೇಳಿದರು. ನಾನು ರೇಣುಕಾಳ ಕಡೆ ನೋಡಲಿಲ್ಲ. ‘ಗ್ವಾಡಿ ಇರಂಗಿಲ್ಲಲ್ರಿ, ಅದಕ್ಕ’ ಎಂದೆ.

ಪಾಸಾದೆ. ಫೋನಿನಲ್ಲಿ ಹೇಳಿದಾಗ ನಿಮ್ಮಪ್ಪ, ‘ಹತಾರಕ್ಕ ಎಣ್ಣಿ ಹಚ್ಚಿಡ್ತೀನಿ ಯವ್ವಾ’ ಎಂದ.

ವಾಡಿಯ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ನಾಲ್ಕು ದಿನ ರಜೆ ಪಡೆದು ಊರಿಗೆ ಬಂದಾಗ ಪಕ್ಕದ ಮನೆಯವರು ತಮ್ಮ ಗೋಡೆ ಕಪಾಟಿಗೆ ಹೊಸ ಚೌಕಟ್ಟು ಕೇಳಿದರು. ಮುತ್ಯಾ ಹೋದ ಮೇಲೆ ಆ ಊರು ನನಗೆ ಹೇಳಿದ ಮೊದಲ ಕೆಲಸ ಅದು. ಗೋಡೆಗೆ ಗುಣ್ಯಾ ಹಿಡಿದೆ. ಗೋಡೆ ಒಂದು ಬೆರಳಿನಷ್ಟು ವಾಲಿತ್ತು. ಗುಣ್ಯಾದಂತೆ ಮಾಡಿದರೆ ಇಲಿ ನುಗ್ಗುವಷ್ಟು ಸಂದು ಉಳಿಯುತ್ತಿತ್ತು. ಗುಣ್ಯಾವನ್ನು ಚೀಲದಲ್ಲಿಟ್ಟು, ಎಣ್ಣೆ ಹಚ್ಚಿದ ಮುತ್ಯಾನ ಉಳಿಯಿಂದ ಗೋಡೆ ಹೇಳಿದಂತೆ ಕೆತ್ತಿದೆ. ಚೌಕಟ್ಟು ಸೊಟ್ಟಗೇ, ಸರಿಯಾಗಿ ಕೂತಿತು. ಖುಷಿಯಾಯಿತು. ಅದರ ಹಿಂದೆಯೇ, ವಾಡಿಗೆ ಹೋದರೆ ಈ ಕೈ ಮತ್ತೆ ಸೊಟ್ಟಗೇ ಕೆತ್ತೀತೆಂಬ ಹೆದರಿಕೆಯೂ ಬಂತು.

ಅಂದು ಸಂಜೆ ನಾನು ಹತಾರ ಒರೆಸುತ್ತಿದ್ದಾಗ ಸಂಗೀತಾ, ನೀನು ಬಂದು ತೊಡೆಯ ಮೇಲೆ ಕುಳಿತೆ.

‘ಆಯಿ, ನೀ ನಿಮ್ಮೂರಿಗಿ ಯಾವಾಗ ಹೋಗ್ತಿ?’

‘ನಾಳಿ ಮುಂಜಾನಿ ಬಸ್ಸಿಗಿ’ ಎಂದುಬಿಟ್ಟೆ.

ಮರುದಿನ ಸೇಡಂನಲ್ಲಿ ಹತ್ತಿದ ಇನ್ನೊಂದು ಬಸ್ಸು ಮಳಖೇಡದ ಹತ್ತಿರ ಬಂದಾಗ ನೀನು ಕೇಳಿದ್ದು ಏನೆಂದು ತಲೆಗೆ ಹೋಯಿತು. ಹುಟ್ಟಿದ ಊರು, ಸೇರಿದ ಮನೆ ಎರಡೂ ಹಿಂದೆ ಉಳಿದಿದ್ದವು, ನೀನು ವಾಡಿಯನ್ನು ನನ್ನ ಊರು ಎಂದಿದ್ದೆ. ಅಲ್ಲ ಎನ್ನಲು ನನಗೂ ತೋಚಿರಲಿಲ್ಲ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ನಾನು ‘ನಮ್ಮೂರಿಗಿ’ ಎಂದು ತಡವರಿಸಿದೆ. ಅವನು ಯಾವೂರೆಂದು ಇನ್ನೊಮ್ಮೆ ಕೇಳಿ, ಮುಂದಿನವರ ಟಿಕೆಟ್ ಹರಿಯತೊಡಗಿದ.