ಗೋಡೆಗೆ ಕೇಳುವಷ್ಟು ಜೋರಾಗಿ

“ದಿನಾ ಎಷ್ಟು ಕೊಡ ನೀರು ಬೇಕಾಗತೈತ್ರಿ ನಿಮಗ?”

ರಾಯದುರ್ಗದಲ್ಲಿ ನನ್ನನ್ನು ಮೊದಲು ಮಾತನಾಡಿಸಿದವರು ಕೇಳಿದ್ದು ಇದನ್ನು. ಮಂಗಳೂರಿನಿಂದ ರೈಲು ಬದಲಿಸಿ, ರೈಲು ಬದಲಿಸಿ, ಕೊನೆಗೆ ಬಳ್ಳಾರಿಯ ಬ್ರಾಂಚ್ ಲೈನಿನ ಗಾಡಿಯಲ್ಲಿ ಮೈತುಂಬ ಇದ್ದಿಲ ಪುಡಿ ಮಾಡಿಕೊಂಡು ಇಳಿದಿದ್ದೆವು. ಊರಿನ ನೆತ್ತಿಯ ಮೇಲೆ ಬಂಡೆಯ ಬೆಟ್ಟ, ಅದರ ಬೆನ್ನಿಗೆ ಕೋಟೆ. ಬಾಡಿಗೆಮನೆಯ ಬಾಗಿಲಲ್ಲಿ ಹಣೆತುಂಬ ವಿಭೂತಿ ಬಳಿದುಕೊಂಡ ಹೆಂಗಸು. ಹೆಸರು ನೀಲಮ್ಮ, ಗಂಡ ತೀರಿಹೋದ ಮೇಲೆ ಮುಂಭಾಗದ ದಿನಸಿ ಅಂಗಡಿಯನ್ನು ತಾವೇ ನಡೆಸುತ್ತಿದ್ದವರು. ನಮ್ಮ ಹೆಸರನ್ನು ಅವರು ಕೇಳಲಿಲ್ಲ. ನೀರಿನ ಲೆಕ್ಕ ಕೇಳಿದರು. ನಮ್ಮ ಮಂಗಳೂರಿನ ಮನೆಯಲ್ಲಿ ಅಡುಗೆಮನೆಯ ಕಿಟಕಿಯಿಂದಲೇ ಬಾವಿಗೆ ಕೊಡ ಇಳಿಸಬಹುದಿತ್ತು. ಅಲ್ಲಿ ಮನೆಯಲ್ಲಿ ಉಪ್ಪೆಷ್ಟಿದೆ ಎಂದು ಕೇಳಿಯಾರು, ನೀರೆಷ್ಟು ಬೇಕು ಎಂದು ಯಾರೂ ಕೇಳರು. ನಾನು ಬೆರಳು ಮಡಚಿ ಕೊಡ ಎಣಿಸತೊಡಗಿದೆ.

ಅವರೇ ಮುಂದುವರಿಸಿದರು. “ಮನಿಯಾಗ ಮೀನು, ಮಾಂಸ ಬ್ಯಾಡ್ರಿ. ಕುಡಿಯೋದಂತೂ ಹೊಸ್ತಿಲಾ ದಾಟಂಗಿಲ್ಲ. ವಾಸನಿ ಬಂದ ದಿನಾನ ನೀವು ಗಂಟು ಕಟ್ಟಬೇಕಾಗತೈತಿ.”

ನಾನು ಎರಡಕ್ಕೂ ಹೂಂ ಎಂದೆ. ಮೀನು ಬಿಡುವುದು ನನ್ನ ಕೈಯಲ್ಲಿತ್ತು. ಎರಡನೆಯದು ನಾನು ಕೊಡಬಹುದಾದ ಮಾತೇ ಆಗಿರಲಿಲ್ಲ. ಪಕ್ಕದಲ್ಲಿ ಟ್ರಂಕು ಹಿಡಿದು ನಿಂತಿದ್ದ ನಮ್ಮವರು ಬೆಟ್ಟ ನೋಡುತ್ತಿದ್ದರು.

ಇದನ್ನು ಓದುವ ಮಂಗಳೂರಿನ ನೀವೆಲ್ಲ ಅವರನ್ನು ಮಿಷನ್ ಶಾಲೆಯ ಒಳ್ಳೆಯ ಮೇಷ್ಟ್ರೆಂದೇ ಬಲ್ಲಿರಿ. ಅವರ ಕುಡಿತ ಗೊತ್ತಿದ್ದುದು ನನಗೆ, ನನ್ನ ತಂಗಿಗೆ ಮತ್ತು ಅಲ್ಲಿನ ಪಾದ್ರಿಗಳಿಗೆ. ಸಂಜೆ ಪ್ರಾರ್ಥನೆಗೆ ಕೂರುವ ಮುಂಚೆ ನಾನು ಕಿಟಕಿ ಮುಚ್ಚುತ್ತಿದ್ದೆ. ನಮ್ಮ ಕೋರಿಕೆ ನೆರೆಕರೆಯವರ ಕಿವಿಗೆ ಬೀಳಬಾರದಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಪಿಯಾನೋ ಕಲಿಸಿದರು, ನೀಡಲ್‌ವರ್ಕ್ ಕಲಿಸಿದರು, ಮನೆಯ ಸಂಕಟವನ್ನು ಮುಖದ ಮೇಲೆ ತೋರಿಸದಿರುವುದನ್ನೂ ಕಲಿಸಿದರು. ಆ ಕಡೆಯ ಪಾಠದಲ್ಲಿ ನಾನು ಫಸ್ಟ್ ಕ್ಲಾಸ್. ಕೊನೆಗೆ ಪಾದ್ರಿಗಳೇ ದೂರದ ರಾಯದುರ್ಗದಲ್ಲಿ ಒಂದು ಕೆಲಸ ನೋಡಿಕೊಟ್ಟರು. ವಾರವೆಲ್ಲ ಚಿಕ್ಕ ಶಾಲೆ, ಭಾನುವಾರ ಚಾಪೆಲಿನಲ್ಲಿ ಪಾದ್ರಿಗಳ ಬದಲು ಆರಾಧನೆ ನಡೆಸುವ ಉಪದೇಶಿಯ ಕೆಲಸ. ಹಳೆಯ ಸ್ನೇಹಿತರಿಲ್ಲದ ಊರಿನಲ್ಲಿ ಹ್ಯಾಬಿಟ್ ಬಿಡುವುದು ಸುಲಭ ಎಂದರು. ಇನ್ನೊಮ್ಮೆ ಬಿದ್ದರೆ ಯಾವ ಊರಿನಲ್ಲೂ ಕೆಲಸ ಇರುವುದಿಲ್ಲ ಎಂದೂ ಹೇಳಿದರು.

ಆಗ ಮಂಗಳೂರೂ ಮದರಾಸು ಪ್ರೆಸಿಡೆನ್ಸಿ, ರಾಯದುರ್ಗವೂ ಮದರಾಸು ಪ್ರೆಸಿಡೆನ್ಸಿ. ಸರ್ಕಾರ ಒಂದೇ, ಅಂಚೆಯ ಸ್ಟ್ಯಾಂಪು ಒಂದೇ. ಆದರೂ ನನಗೆ ಅದು ಪರದೇಶ. ನಾನು ಆಡುವುದೂ ಕನ್ನಡ, ಅವರು ಆಡುವುದೂ ಕನ್ನಡ. ನನ್ನ ಕನ್ನಡ ಕೇಳಿ ಅಂಗಡಿಗೆ ಬಂದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. “ಮಾಸ್ತರಮ್ಮ ಪುಸ್ತಕ ಓದಿದಂಗ ಮಾತಾಡ್ತಾರ ನೋಡ್ರಿ.” ವ್ಯಾಪಾರ ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ, ಒಂದೇ ವಾಕ್ಯದೊಳಗೆ ಎರಡೂ. ಕುಚ್ಚಲಕ್ಕಿ ಕೇಳಿದರೆ ಜೋಳ ತೋರಿಸಿದರು. ರೊಟ್ಟಿ ತಟ್ಟಲು ನೀಲಮ್ಮನವರೇ ಕಲಿಸಿದರು. ನನ್ನ ಮೊದಲ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಇದರೊಳಗಿಂದ ಕೋಟೆ ಕಾಣುತ್ತದೆ ಎಂದು ಅವರು ಹೇಳಿದ್ದು ಓಣಿಯಲ್ಲಿ ಬಹಳ ದಿನ ಓಡಾಡಿತು.

ಒಂದು ವಿಷಯದಲ್ಲಿ ಮಾತ್ರ ಆ ಊರು ನನ್ನ ಪರವಾಗಿತ್ತು. ಮಂಗಳೂರಿನಲ್ಲಿ ಕಡಲು, ಮೀನು, ತೆಂಗಿನೆಣ್ಣೆ, ಒದ್ದೆ ಗೋಡೆ ಎಲ್ಲದರ ವಾಸನೆಯ ನಡುವೆ ಮನುಷ್ಯನ ಉಸಿರಿನ ವಾಸನೆ ಮುಚ್ಚಿಹೋಗುತ್ತಿತ್ತು. ರಾಯದುರ್ಗದ ಒಣಗಾಳಿ ಏನನ್ನೂ ಮುಚ್ಚುವುದಿಲ್ಲ. ಸಂಜೆ ನಮ್ಮವರು ಬರುವ ಹೊತ್ತಿಗೆ ನಾನು ಬಾಗಿಲಿಗೆ ಹೋಗಿ ಕೈಯಿಂದ ಕೊಡೆ ಇಸಿದುಕೊಳ್ಳುತ್ತಿದ್ದೆ. ಹತ್ತಿರ ನಿಂತು ಒಂದು ಉಸಿರೆಳೆಯಲು ಅದು ನೆಪ. ಅವರಿಗೂ ಗೊತ್ತಿತ್ತು. ಕೊಡೆ ಕೊಡುವಾಗ ತಾವೇ ಬಾಯಿ ತೆರೆದು ಮೆಲ್ಲಗೆ ಉಸಿರು ಬಿಡುತ್ತಿದ್ದರು.

ಅವರಿಗೆ ಕಷ್ಟದ ಹೊತ್ತೆಂದರೆ ದೀಪ ಹಚ್ಚುವ ಹೊತ್ತು. ಊರಾಚೆಯ ಈಚಲು ತೋಪುಗಳಿಂದ ಹೆಂಡದ ಗಡಿಗೆ ಹೇರಿದ ಗಾಡಿಗಳು ನಮ್ಮ ಓಣಿಯ ತುದಿಯಲ್ಲೇ ಹಾದು ಅಂಗಡಿಗೆ ಹೋಗುತ್ತಿದ್ದವು. ನಾವು ತುಳುವಿನಲ್ಲಿ ಕಲಿ ಎನ್ನುವ ತೆಂಗಿನ ಹೆಂಡದ ಅಣ್ಣನೋ ತಮ್ಮನೋ ಅದು. ವಾಸನೆ ಇನ್ನೂ ಹುಳಿ. ಖಾದಿ ಟೋಪಿಯ ಹುಡುಗರು ಅಂಗಡಿಗಳ ಮುಂದೆ ಪಿಕೆಟಿಂಗ್ ಕೂರುತ್ತಿದ್ದ ಕಾಲ. ಆದರೂ ಗಾಡಿ ನಿಂತಿರಲಿಲ್ಲ. ಗಾಲಿಯ ಸದ್ದು ಕೇಳಿದೊಡನೆ ಅವರು ಎದ್ದು ಬಾಗಿಲಿಗೆ ಅಗುಳಿ ಹಾಕುತ್ತಿದ್ದರು. ಆಗ ನಾವು ಮೊಣಕಾಲೂರುತ್ತಿದ್ದೆವು. ದೊಡ್ಡ ಪ್ರಾರ್ಥನೆಯಲ್ಲ. ಕರ್ತನೇ, ಈ ಒಂದು ಸಂಜೆ ದಾಟಿಸು, ಅಷ್ಟೆ. ನಾಳೆಯದನ್ನು ಕೇಳಲು ಅವರಿಗೆ ಧೈರ್ಯವಿರಲಿಲ್ಲ. ಅಭ್ಯಾಸದಂತೆ ಕಿಟಕಿ ಮುಚ್ಚಿ, ಪಿಸುದನಿಯಲ್ಲಿ.

ಗೋಡೆಯ ಆಚೆ ನೀಲಮ್ಮನವರು ಅದೇ ಹೊತ್ತಿಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂರುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟರು. “ಅದೇನ್ರಿ ದಿನಾ ಸಂಜಿಮುಂದ ಗುಸುಗುಸು? ಗಂಡ ಹೆಂಡ್ತಿ ಜಗಳಾನೂ ಬಾಯಿ ಬಿಟ್ಟು ಆಡ್ತಾರ.” ಪ್ರಾರ್ಥನೆ ಎಂದೆ. ಏನು ಬೇಡುತ್ತೀರಿ ಎಂದರು. ಏನೋ ಒಂದು, ದಿನವೂ ಅದೇ ಎಂದೆ. “ದಿನಾ ಅದನ್ನ ಕೇಳಿದ್ರ ನಿಮ್ಮ ದೇವರಿಗೆ ಬ್ಯಾಸರ ಆಗಂಗಿಲ್ಲೇನ್ರಿ?” ನಾನು ನಕ್ಕೆ. ಒಳಗೆ ಬಂದು, ಆ ಮಾತು ನಿಜವಾಗಿದ್ದರೆ ಎಂದು ಹೆದರಿ ಕೂತೆ.

ಹೀಗೆ ಬೇಸಿಗೆ ಕಳೆಯಿತು, ಮಳೆ ಬರಬೇಕಾದ ತಿಂಗಳುಗಳೂ ಕಳೆದವು. ನಮ್ಮವರು ಕುಡಿಯಲಿಲ್ಲ. ಆಗ ಬಳ್ಳಾರಿಯ ಪಾದ್ರಿಗಳು ಕರ್ತನ ಭೋಜನ ನಡೆಸಲು ಬರುವರೆಂದು ಸುದ್ದಿ ಬಂತು. ನಿಮಗೆ ಪದ್ಧತಿ ಗೊತ್ತೇ ಇದೆ. ಸಭೆಗೆಲ್ಲ ದ್ರಾಕ್ಷಿರಸದ ಒಂದೇ ಪಾತ್ರೆ. ಅದರಲ್ಲಿ ಉಳಿದುದನ್ನು ಚೆಲ್ಲುವಂತಿಲ್ಲ. ಉಪದೇಶಿ ಎಲ್ಲರಿಗಿಂತ ಕೊನೆಗೆ ತಾನೂ ತೆಗೆದುಕೊಂಡು, ಉಳಿದುದನ್ನು ಕುಡಿದು ಮುಗಿಸಬೇಕು. ಪಾದ್ರಿಗಳು ಎಂದಿನಂತೆ ವೈನಿನ ಬಾಟಲಿ ತಂದರೆ? ನನಗೆ ನಿದ್ದೆ ಹತ್ತಲಿಲ್ಲ. ದ್ರಾಕ್ಷಿರಸವನ್ನು ನಾನೇ ಮಾಡುತ್ತೇನೆ, ಪ್ಲೀಸ್, ಬಾಟಲಿ ತರಬೇಡಿ ಎಂದು ಹೇಳಿ ಕಳಿಸಿದೆ. ಅವರಿಗೆ ನಮ್ಮ ಕಥೆ ಗೊತ್ತಿತ್ತು, ಒಪ್ಪಿದರು.

ನನ್ನ ತಾಯಿ ಮಾಡುತ್ತಿದ್ದಂತೆಯೇ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಸೋಸಿದೆ. ನಮ್ಮ ಹಿತ್ತಾಳೆ ಪಾತ್ರೆಯ ಕಲಾಯಿ ಹೋಗಿತ್ತು. ಹುಳಿ ಇಡುವಂತಿರಲಿಲ್ಲ. ಸಂತೆಯಲ್ಲಿ ಮಣ್ಣಿನ ಗಡಿಗೆ ಹುಡುಕಿದೆ. ಹೊಸ ಕೆಂಪು ಗಡಿಗೆಗಳ ನಡುವೆ ಕುತ್ತಿಗೆ ಸಣ್ಣದಾದ, ಹೊಗೆ ಹಿಡಿದ ಕಪ್ಪು ಗಡಿಗೆಯೊಂದಿತ್ತು. ಚೆನ್ನಾಗಿ ಬೆಂದದ್ದು ಎಂದುಕೊಂಡೆ. ಇದೇ ಬೇಕೇನಮ್ಮ ಎಂದು ಮಾರುವವನು ಎರಡು ಸಲ ಕೇಳಿ, ನಗುತ್ತ ಕೊಟ್ಟ. ಬಿಸಿನೀರಿನಲ್ಲಿ ತೊಳೆದು, ರಸ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಚಾಪೆಲಿನ ಕಲ್ಲುಗೋಡೆಯ ತಂಪಿನಲ್ಲಿ ಇರಿಸಿದೆ. ಪಾದ್ರಿಗಳಿಗೆ ಜ್ವರ ಬಂದು ಒಂದು ಭಾನುವಾರ ತಪ್ಪಿತು. ಮುಂದಿನ ಭಾನುವಾರ ಬಂದರು. ಗಡಿಗೆಯ ಬಾಯಿ ಬಿಚ್ಚಿ ಪಾತ್ರೆಗೆ ಸುರಿದದ್ದು ಸಭೆಯ ಹಿರಿಯ ಮರಿಯಪ್ಪ, ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಮೇಜಿಗೆ ಹೋಗುವುದನ್ನು ಮೊದಲೇ ರುಚಿ ನೋಡುವ ವಾಡಿಕೆ ನಮ್ಮಲ್ಲಿಲ್ಲ.

ಪಾದ್ರಿಗಳು ಕುಡಿದರು. ಅವರ ನಾಲಿಗೆಗೆ ಯಾವಾಗಲೂ ವೈನಿನದೇ ರೂಢಿ, ವ್ಯತ್ಯಾಸ ತಿಳಿಯಲಿಲ್ಲ. ಗಂಡಸರೂ ಎಂದಿನ ವೈನೆಂದೇ ಕುಡಿದರು. ಅವರ ಸಾಲು ಮುಗಿದು ಪಾತ್ರೆ ನನ್ನ ಬಳಿ ಬಂತು. ತುಟಿಗೆ ತಾಗಿದೊಡನೆ ಚುರ್ ಎಂದಿತು. ಆಮೇಲೆ ಮೂಗಿಗೆ ಆ ಹುಳಿ. ಯಾವ ವಾಸನೆಗಾಗಿ ದಿನವೂ ಸಂಜೆ ಬಾಗಿಲಲ್ಲಿ ನಿಲ್ಲುತ್ತಿದ್ದೆನೋ ಅದೇ ವಾಸನೆ, ನನ್ನದೇ ಕೈಯಡುಗೆಯಲ್ಲಿ.

ಎದ್ದು ಕೂಗಬೇಕಿತ್ತು. ಆ ಕಾಲದಲ್ಲಿ ಹೆಂಗಸು ಆರಾಧನೆಯ ನಡುವೆ ಬಾಯಿ ಬಿಡುವುದೆಂದರೆ! ನಾನು ಏಳಲಿಲ್ಲ. ಕರ್ತನೇ, ಕರ್ತನೇ ಎಂದಷ್ಟೇ ಒಳಗೆ. ಪಾತ್ರೆ ಮೇಜಿಗೆ ಹಿಂತಿರುಗಿತು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದನ್ನು ನಮ್ಮವರ ಕೈಗೆ ಕೊಟ್ಟರು.

ಅವರು ಎತ್ತಿದರು. ಮುಖದವರೆಗೂ ಒಯ್ದರು. ಅಲ್ಲೇ ನಿಂತರು. ಪಾತ್ರೆ ವಾಲಿ ಅಂಗಿಯ ತೋಳಿನ ಮೇಲೆ ಹನಿ ಬಿತ್ತು. ಕಣ್ಣು ಮುಚ್ಚಿದ್ದರು. ಬೇಡವೆಂದೋ, ಬೇಕೆಂದೋ, ಇಷ್ಟು ವರ್ಷ ಜೊತೆಗಿದ್ದ ನನಗೂ ಆ ಮುಖ ಓದಲಾಗಲಿಲ್ಲ. ಪಾದ್ರಿಗಳು ಬಗ್ಗಿ, ಹೆದರಬೇಡಿ, ಇದು ದ್ರಾಕ್ಷಿರಸವಷ್ಟೇ ಎಂದು ಮೆಲ್ಲಗೆ ಹೇಳಿದ್ದು ಮುಂದಿನ ಸಾಲಿಗೆಲ್ಲ ಕೇಳಿಸಿತು.

ನಮ್ಮವರು ಪಾತ್ರೆಯನ್ನು ಮೇಜಿನ ಮೇಲಿಟ್ಟರು.

“ಅಲ್ಲ ಅಯ್ಯಾ. ಇದನ್ನು ನನ್ನಷ್ಟು ಬಲ್ಲವರು ಇಲ್ಲಿ ಯಾರೂ ಇಲ್ಲ.” ಆಮೇಲೆ ಸಭೆಯ ಕಡೆ ತಿರುಗಿದರು. “ನಾನು ಕುಡುಕ. ಈ ಊರಿಗೆ ಬಂದಮೇಲೆ ಕುಡಿದಿಲ್ಲ. ಇವತ್ತು ಇದನ್ನು ಕುಡಿದರೆ ನಾನು ನಿಲ್ಲಿಸಲಾರೆ. ನನಗಾಗಿ ಪ್ರಾರ್ಥಿಸಿ.”

ಪಾದ್ರಿಗಳು ಪಾತ್ರೆ ನೋಡಿದರು, ನನ್ನನ್ನು ನೋಡಿದರು. ಮರಿಯಪ್ಪ ಎದ್ದು ಮೊಣಕಾಲೂರಿ, ಮಾಸ್ತರರನ್ನು ಕೈ ಬಿಡಬ್ಯಾಡಪ್ಪಾ ಯೇಸಪ್ಪಾ ಎಂದು ತಮ್ಮ ಸಿಗ್ನಲ್ ಕೂಗುವ ಗಂಟಲಿನಲ್ಲಿ ಶುರುಮಾಡಿದರು. ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ಕಿಟಕಿಗಳೆಲ್ಲ ತೆರೆದಿದ್ದವು. ಬೀದಿಯಲ್ಲಿ ಜನ ನಿಂತು ಕೇಳುತ್ತಿದ್ದರು. ಆಗ ನಾನು ಎದ್ದೆ. ಚೆಲ್ಲುವಂತಿಲ್ಲವಲ್ಲ, ಮೇಜಿಗೆ ಹೋಗಿ ಆ ಪಾತ್ರೆಯನ್ನು ಎತ್ತಿ ನಾನೇ ಕುಡಿದು ಮುಗಿಸಿದೆ.

ಉಪವಾಸದ ಹೊಟ್ಟೆ, ಹುಟ್ಟಿದಂದಿನಿಂದ ಹೆಂಡ ಮುಟ್ಟದ ಮೈ. ಮನೆಯ ದಾರಿಯಲ್ಲಿ ಕೋಟೆ ತಿರುಗುತ್ತಿತ್ತು. ನಮ್ಮವರು ಒಂದು ಕೈಯಲ್ಲಿ ಖಾಲಿ ಗಡಿಗೆ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದು ನಡೆಸುತ್ತಿದ್ದರು. ಒಳಗೊಂದು ಬೆಚ್ಚನೆಯ ನೆಮ್ಮದಿ ಹರಡಿತು. ಎಷ್ಟೋ ವರ್ಷದ ಅಂಜಿಕೆ ಸಡಿಲವಾದಂತಿತ್ತು. ಇದಕ್ಕೇ ಇವರು ಹೋಗುತ್ತಿದ್ದರು ಎಂದು ಆಗ ಗೊತ್ತಾಯಿತು, ಗೊತ್ತಾದ್ದರಿಂದ ಇನ್ನೂ ಭಯವಾಯಿತು.

ಬಾಗಿಲಲ್ಲಿ ನೀಲಮ್ಮ. ಹೊಸ್ತಿಲ ಬಳಿ ನಾನು ತಡವರಿಸಿದೆ. ಅವರು ಬಾಗಿ ಮೂಸಿದರು.

“ಮಾಸ್ತರಮ್ಮಾ, ಏನಿದು?”

“ಕುಡುಕ ನಾನು, ಅವಳಲ್ಲ,” ಎಂದು ನಮ್ಮವರು ಆದದ್ದನ್ನೆಲ್ಲ ಹೇಳಿದರು. ಮಂಗಳೂರಿನ ಕಥೆಯನ್ನೂ ಬಿಡಲಿಲ್ಲ. ನಾನು ಗೋಡೆ ಹಿಡಿದು ನಿಂತು, ಗಂಟು ಕಟ್ಟಲು ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತಿದ್ದೆ. ನೀಲಮ್ಮ ನಮ್ಮವರ ಕೈಯಲ್ಲಿದ್ದ ಗಡಿಗೆ ಇಸಿದುಕೊಂಡು, ಕುತ್ತಿಗೆಯೊಳಗೆ ಬೆರಳು ಆಡಿಸಿದರು.

“ಇದು ಈಚಲ ಗಡಿಗಿ ಅಲ್ಲೇನ್ರಿ? ಹೆಂಡ ಕುಡಿದು ಕುಡಿದು ಮಣ್ಣ ಕೆಟ್ಟೈತಿ. ಇದ್ರಾಗ ಹಾಲು ಹಾಕಿದ್ರೂ ನೊರಿ ಬರತೈತಿ. ನಮ್ಮ ಓಣ್ಯಾಗ ಕೂಸಿಗೂ ಗೊತ್ತೈತಿ ಇದು.” ಅಂಗಳದ ಕಲ್ಲಿಗೆ ಕುಕ್ಕಿ ಒಡೆದರು. ನಮ್ಮವರ ಕಡೆ ತಿರುಗಿದರು. “ದಿನಾ ಗುಸುಗುಸು ಕೇಳ್ತಿದ್ದದ್ದು ಇದನ್ನೇನ್ರಿ?”

“ಹೌದು.”

“ಹಂಗಾದ್ರ ನಾಳಿಯಿಂದ ಜೋರಾಗಿ ಕೇಳ್ರಿ. ನನ್ನ ಗೋಡಿಗೆ ಕೇಳಿಸ್ಬೇಕು. ಕೇಳಿಸದ ದಿನ ನಾ ಬಂದು ಬಾಗ್ಲಾ ಬಡೀತೀನಿ.”

ನಾವು ಆ ಮನೆಯಲ್ಲಿ ಇದ್ದಷ್ಟು ವರ್ಷವೂ ನೀಲಮ್ಮ ಆ ಮಾತು ನಡೆಸಿದರು. ನಮ್ಮವರಿಗೆ ಗಂಟಲು ಕಟ್ಟಿದ ದಿನವೂ ಬಂದು ಬಡಿದರು. ಒಮ್ಮೆ, ಒಮ್ಮೆ ಮಾತ್ರ, ಬಡಿದಾಗ ಬಾಗಿಲು ತೆರೆದು ಅವರಿನ್ನೂ ಬಂದಿಲ್ಲ ಎನ್ನಬೇಕಾಯಿತು. ನೀಲಮ್ಮ ಚಪ್ಪಲಿ ಮೆಟ್ಟದೆ ಹೆಂಡದಂಗಡಿಯವರೆಗೆ ನಡೆದು, ಬಾಗಿಲಲ್ಲಿ ನಿಂತು, “ಬರ್ರಿ ಮಾಸ್ತರ, ಪೂಜಿಗೆ ಹೊತ್ತಾತು,” ಎಂದರಂತೆ. ಅವರು ಬಂದರು. ಕೊಡೆ ಕೊಡುವಾಗ ಉಸಿರು ಬಿಟ್ಟರು. ಕುಡಿದಿರಲಿಲ್ಲ.

ಆಮೇಲೆ ಮಡಕಶಿರಕ್ಕೆ ವರ್ಗವಾಯಿತು. ಇಲ್ಲಿ ರಾಗಿ, ಕಡಲೆಕಾಯಿ, ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು; ಮಾತು ಶಿರಾ ಕಡೆಯದು. ಈಚಲು ಮರಗಳು ಇಲ್ಲೂ ಇವೆ, ಕೆರೆಯ ಏರಿಯುದ್ದಕ್ಕೂ. ನನ್ನ ಅಂಜಿಕೆಯೂ ಟ್ರಂಕಿನ ಜೊತೆಗೇ ಬಂತು. ಅವರು ದಾಟಿದ್ದು ಒಂದೊಂದೇ ಸಂಜೆ, ಕೊನೆಯ ಸಂಜೆಯವರೆಗೂ. ಈಗ ಇಲ್ಲಿನ ಮಣ್ಣಿನಲ್ಲಿದ್ದಾರೆ. ನಾನು ಒಬ್ಬಳೇ ಅದೇ ಹೊತ್ತಿಗೆ ಕಿಟಕಿ ತೆರೆದು ಕೂರುತ್ತೇನೆ. ಪಕ್ಕದ ಲಕ್ಷ್ಮಕ್ಕ ಸೊಪ್ಪಿನ ಹೊರೆ ಇಳಿಸುತ್ತ, “ಯಾಕಜ್ಜಿ ಹಂಗೆ ಕೂಗ್ತೀಯ, ನಿನ್ ದೇವ್ರೇನು ಊರಾಚೆ ಅವ್ನಾ?” ಎನ್ನುತ್ತಾಳೆ.

ಹೋದ ವರ್ಷ ಮಂಗಳೂರಿಗೆ ಬಂದಿದ್ದೆ. ಪ್ರೆಸಿಡೆನ್ಸಿ ಹೋಗಿ ಎಷ್ಟೋ ಕಾಲವಾಯಿತು. ಈಗ ನನ್ನ ತವರು ಒಂದು ರಾಜ್ಯ, ಅವರ ಸಮಾಧಿ ಇನ್ನೊಂದು ರಾಜ್ಯ. ಕಡಲಗಾಳಿ, ಬಂಗುಡೆ ಸಾರು, ನನ್ನದೇ ತುಳು. ಇನ್ನು ಇಲ್ಲೇ ಇದ್ದುಬಿಡಲೇ ಎನಿಸಿತು. ಸಂಜೆ ಪ್ರಾರ್ಥನೆಗೆ ಕೂತು ಬಾಯಿ ತೆರೆದೆ. ತಂಗಿ ಮೆಲ್ಲಗೆ ಎದ್ದು ಹೋಗಿ ಕಿಟಕಿ ಮುಚ್ಚಿದಳು. “ಅಕ್ಕಾ, ಎಂತ ಇಷ್ಟು ಜೋರು? ನೆರೆಕರೆಯವರು ಕೇಳ್ತಾರಲ್ಲ ಮಾರಾಯ್ತಿ.”

ಅವಳ ಮನಸ್ಸು ನೋಯಿಸಬಾರದೆಂದು ಪಿಸುದನಿಯಲ್ಲೇ ಮುಗಿಸಿದೆ. ಆಮೇಲೆ ಊಟಕ್ಕೆ ಕರೆಯುವವರೆಗೂ, ಅಲ್ಲಿ ಯಾರೂ ಬಂದು ಬಡಿಯದ ಆ ಬಾಗಿಲನ್ನೇ ನೋಡುತ್ತ ಕೂತಿದ್ದೆ.