ನವಿಲುಕೋಸಿನ ಪಾತಿಗೆ ಕೂದಲ ಬೇಲಿ

ಶಾಲೆಯ ತೋಟ ನೋಡಿಕೊಳ್ಳುತ್ತಿದ್ದ ಪಿಳ್ಳಮ್ಮ ನವಿಲುಕೋಸಿನ ಪಾತಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ನೆಲದಲ್ಲಿ ಉಳಿದಿದ್ದ ಮೋಟನ್ನು ಹೆಬ್ಬೆರಳಿನಿಂದ ಸವರಿದಳು. ಕೊಯ್ದ ಜಾಗ ನುಣ್ಣಗಿತ್ತು. ಪಕ್ಕದ ಸಾಲಿನಲ್ಲಿ ಹುರುಳಿಕಾಯಿ ಸಸಿಗಳ ಕುಡಿಯೂ ಹೋಗಿತ್ತು, ಆದರೆ ಅಲ್ಲಿ ಹಲ್ಲಿನ ಗುರುತಿತ್ತು, ಮಣಿ ಚೆಲ್ಲಿದ ಹಾಗೆ ಹಿಕ್ಕೆ ಬಿದ್ದಿತ್ತು. ಕೋಸಿನ ಪಾತಿಯಲ್ಲಿ ಹಿಕ್ಕೆಯ ಸುಳಿವಿಲ್ಲ. ಮೊಲ ಕೂತಲ್ಲೇ ಮೆಲ್ಲುತ್ತದೆ. ಚಾಕುವಿನಲ್ಲಿ ಕೊಯ್ದು ಮನೆಗೆ ಒಯ್ಯುವ ಮೊಲವನ್ನು ಅವಳು ಈವರೆಗೆ ಕಂಡಿರಲಿಲ್ಲ.

ಅದು 1917ರ ಚಳಿಗಾಲ. ಬಸವನಗುಡಿ ಬಡಾವಣೆಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಶಾಲೆಯ ಹಿಂದಿನ ಮುಳ್ಳುಬೇಲಿ ದಾಟಿದರೆ ಬಂಡೆ, ಪೊದೆ, ರಾಗಿ ಹೊಲ. ರಸ್ತೆ ಎಳೆದವರು ಮೊಲಗಳಿಗೆ ತಿಳಿಸಿರಲಿಲ್ಲವಾದ್ದರಿಂದ ಅವು ಅಜ್ಜ ಮುತ್ತಜ್ಜರ ದಾರಿಯಲ್ಲೇ ಬಂದು ಹೋಗುತ್ತಿದ್ದವು. ಮಕ್ಕಳು ಕಟ್ಟಿದ ಬೆದರುಬೊಂಬೆಯ ನೆರಳಲ್ಲೇ ಒಂದು ಮೊಲ ಮಲಗಿದ್ದುದನ್ನು ಪಿಳ್ಳಮ್ಮ ನೋಡಿದ್ದಳು.

ಹೆಡ್‌ಮಾಸ್ಟರ್ ಪರಮಶಿವಯ್ಯನವರು ಹಾನಿಯನ್ನೆಲ್ಲ ಮೊಲಗಳ ಹೆಸರಿಗೇ ಬರೆಯುತ್ತಿದ್ದರು. ತಿಂಗಳ ಕೊನೆಗೆ ಶಾಲೆಗಳ ಇನ್‌ಸ್ಪೆಕ್ಟರು ಬರುವವರಿದ್ದರು. ಅಷ್ಟರೊಳಗೆ ಪಾತಿ ಬೋಳಾದರೆ ತೋಟವನ್ನು ಮಟ್ಟಮಾಡಿ ಡ್ರಿಲ್ ಮೈದಾನ ಮಾಡಿಸುವುದಾಗಿ ಅವರು ಹೇಳಿಬಿಟ್ಟಿದ್ದರು. ತೋಟ ಹೋದರೆ ಪಿಳ್ಳಮ್ಮನಿಗೂ ಅಲ್ಲಿ ಜಾಗವಿಲ್ಲ. ಐವತ್ತು ದಾಟಿದ ಮೇಲೆ ಸಿದ್ದಾಪುರದ ಅಣ್ಣನ ಮನೆಗೆ ಹೋಗಿ, ಅತ್ತಿಗೆ ಬಡಿಸಿದಷ್ಟು ಉಣ್ಣಬೇಕು. ಆ ಅತ್ತಿಗೆಯ ಸೌಟಿನ ಅಳತೆ ಅವಳಿಗೆ ಗೊತ್ತಿತ್ತು.

ಚಾಕು ಯಾರದೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಹೆಡ್‌ಮಾಸ್ಟರ ಮನೆ ಶಾಲೆಗೆ ಒತ್ತಿಕೊಂಡೇ ಇತ್ತು. ಅವರ ಹೆಂಡತಿ ಕಾವೇರಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಪಿಳ್ಳಮ್ಮನನ್ನು ಕರೆದರು. ಒಳ್ಳೆಯ ಹೆಂಗಸು, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳದವರು.

"ಪಿಳ್ಳಮ್ಮ, ಮಕ್ಕಳು ಕೊಟ್ಟು ಕಳಿಸ್ತಾರಲ್ಲ ನವಿಲುಕೋಸು, ತುಂಬಾ ಎಳೇದು ಕಣೇ. ನಮ್ಮವರು ದಿನಾ ವಾಕಿಂಗ್ ಹೋದಾಗ ಒಂದೆರಡು ತರ್ತಾರೆ. ಮಕ್ಕಳಿಗೆ ಹೇಳು, ಎಲೆ ಕಿತ್ತು ಎಸೀಬೇಡಿ ಅಂತ. ಪಲ್ಯಕ್ಕಾಗತ್ತೆ."

"ಹೇಳ್ತೀನಮ್ಮ," ಎಂದಳು ಪಿಳ್ಳಮ್ಮ. "ಎಲೇನ ಮೊಲ ತಿಂದಿರ್ತವೆ ಅಂತ ಕಾಣುತ್ತೆ."

ಪರಮಶಿವಯ್ಯನವರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಈ ಮೊಲಕ್ಕೆ ಎರಡೇ ಕಾಲು ಎಂದು ಅವರ ಮುಂದೆ ನಿಂತು ಹೇಳುವವರು ಆ ಶಾಲೆಯಲ್ಲಿ ಇರಲಿಲ್ಲ. ಪಿಳ್ಳಮ್ಮನೂ ಹೇಳಲಿಲ್ಲ. ಅವಳು ಹೊಂಗೆ ಮರದಡಿ ಕ್ಷೌರ ಮಾಡುತ್ತಿದ್ದ ಪುಟ್ಟಯ್ಯನ ಬಳಿ ಹೋದಳು.

ಅವಳ ಅಪ್ಪ ಬಚ್ಚಪ್ಪ ಲಾಲ್‌ಬಾಗಿನ ಆಚೆ ಸೊಪ್ಪು ತರಕಾರಿ ಬೆಳೆಯುತ್ತಿದ್ದವನು. ಮೊಲದ ಕಾಟ ಹೆಚ್ಚಿದಾಗ ಪಾತಿಯ ಸುತ್ತ ಮನುಷ್ಯರ ಕೂದಲು ಉದುರಿಸುತ್ತಿದ್ದ. ಮೂಸಿದ ಮೊಲ ಮನುಷ್ಯ ಮಲಗಿದ್ದಾನೆಂದು ತಿರುಗಿ ಓಡುತ್ತದೆ, ಇದು ಅವನ ನಂಬಿಕೆ. ತೋಟದವರಿಗೆ ಕೂದಲೆಂದರೆ ಗುದ್ದಲಿಯ ಹಾಗೆ ಒಂದು ಸಾಮಾನು. ಬಸವನಗುಡಿಯ ಮಡಿವಂತರಿಗೆ ಹಾಗಲ್ಲ. ಕತ್ತರಿಸಿದ ಕೂದಲು ತುಳಿದರೆ ಮೈಲಿಗೆ, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು.

ಒಂದು ಗೋಣಿ ತುಂಬ ಕೊಟ್ಟ ಪುಟ್ಟಯ್ಯ, ಇಷ್ಟು ಕೂದಲು ತಗೊಂಡು ಯಾರ ಬೋಳುತಲೆಗೆ ಹಚ್ತೀಯಕ್ಕ ಎಂದು ಕೇಳಿದ. ಕೂದಲಿದ್ದವರ ತಲೆಗೇ ನೀರು ಬೀಳ್ಲಿ ಅಂತ ತಗೊಂಡೋಗ್ತಿದೀನಿ ಎಂದಳು ಪಿಳ್ಳಮ್ಮ.

ಆ ಸಂಜೆ ಹುರುಳಿಕಾಯಿ ಸಾಲಿನ ಸುತ್ತ ತೆಳ್ಳಗೆ ಉದುರಿಸಿದಳು. ನವಿಲುಕೋಸಿನ ಪಾತಿಯ ಬದುವಿನ ಮೇಲೆ, ಹೆಡ್‌ಮಾಸ್ಟರ ಮನೆಯ ಕಡೆ, ಸ್ವಲ್ಪ ಮಂದವಾಗಿಯೇ ಬಿತ್ತು.

ಪರಮಶಿವಯ್ಯನವರು ತೋಟಕ್ಕೆ ಬರಿಗಾಲಲ್ಲಿ ಬರುತ್ತಿದ್ದರು. ಚಪ್ಪಲಿಯ ಗುರುತು ಮೂಡಬಾರದಲ್ಲ. ಮಾರನೆಯ ಬೆಳಿಗ್ಗೆ ಇಬ್ಬನಿಯಲ್ಲಿ ನೆಂದ ಪಾದಗಳಿಗೆ ಊರವರ ತಲೆಗೂದಲು ಅಂಟಿಕೊಂಡಿತು. ಪ್ರಾರ್ಥನೆಯ ಗಂಟೆ ಬಾರಿಸಿದಾಗ ಅವರು ಇರಲಿಲ್ಲ. ಬಂದಾಗ ರುಮಾಲಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಎರಡು ಸಲ ಸೀನಿದರು. ನೇರ ತೋಟಕ್ಕೆ ಬಂದರು, ಈ ಸಲ ಚಪ್ಪಲಿ ಹಾಕಿಕೊಂಡು, ಬದುವಿಗೆ ಮಾರು ದೂರದಲ್ಲಿ ನಿಂತರು.

"ಏನಿದು ಅನಾಚಾರ? ವಿದ್ಯಾಮಂದಿರದಲ್ಲಿ ಕೂದಲೇ? ಈಗಲೇ ಗುಡಿಸು."

"ಮೊಲಕ್ಕೆ ಹಾಕಿದ್ದು, ಬುದ್ಧಿ. ನಮ್ಮಪ್ಪನ ಕಾಲದ ಔಷಧಿ." ಪಿಳ್ಳಮ್ಮ ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ. "ಬದುವಿನ ಮೇಲೆ ಮೊಲ ಬಿಟ್ರೆ ಇನ್ಯಾರು ಓಡಾಡ್ತಾರೆ? ತಮ್ಮ ಕಾಲಿಗೇನಾದ್ರೂ ತಗುಲ್ತಾ?"

ಹೆಡ್‌ಮಾಸ್ಟರು ಬಾಯಿ ತೆರೆದರು. ತಗುಲಿತು ಎಂದರೆ ಬದುವಿನ ಮೇಲೇಕೆ ಹೋದಿರಿ ಎಂಬ ಮಾತು ಬರುತ್ತದೆ. ತಗುಲಲಿಲ್ಲ ಎಂದರೆ ಕೂದಲು ಅಲ್ಲೇ ಉಳಿಯುತ್ತದೆ. ಮೂರನೆಯ ಸಲ ಸೀನಿ, ಇಲ್ಲ ಎಂದು ಹೇಳಿ ಹೊರಟರು.

ಅಂದಿನಿಂದ ಮೊಲಗಳು ಬರಲಿಲ್ಲ. ನವಿಲುಕೋಸೂ ಕಾಣೆಯಾಗಲಿಲ್ಲ. ನಮ್ಮವರು ವಾಕಿಂಗೇ ಬಿಟ್ಟುಬಿಟ್ಟರು, ಮೈ ಸರಿಯಿಲ್ಲವೇನೋ ಎಂದು ಕಾವೇರಮ್ಮ ಹಿತ್ತಲಲ್ಲಿ ನಿಂತು ಚಿಂತೆ ಹೇಳಿಕೊಂಡರು. ಬೆಳಗಿನ ಚಳಿ ಒಳ್ಳೆಯದಲ್ಲ, ಮನೆಯಲ್ಲಿರುವುದೇ ಮೇಲೆಂದು ಪಿಳ್ಳಮ್ಮ ಸಮಾಧಾನ ಮಾಡಿದಳು.

ಇನ್‌ಸ್ಪೆಕ್ಟರ್ ರೇವಣಸಿದ್ದಯ್ಯನವರು ಬಂದ ದಿನ ಪಾತಿ ತುಂಬಿತ್ತು. ಅವರು ಬದುವಿನ ಮೇಲಿನ ಕೂದಲನ್ನು ಕೋಲಿನಿಂದ ಕೆದಕಿ ಇದೇನೆಂದು ಕೇಳಿದರು. ಹೆಡ್‌ಮಾಸ್ಟರು ಪಿಳ್ಳಮ್ಮನ ಕಡೆ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಿದ್ದಳು. ಕೊನೆಗೆ ಅವರೇ ವಿವರಿಸಬೇಕಾಯಿತು.

"ಗುಣ ಕಂಡಿದೆಯೋ?" ಎಂದು ಇನ್‌ಸ್ಪೆಕ್ಟರು ಕೇಳಿದರು.

"ಸಂಪೂರ್ಣವಾಗಿ," ಎಂದರು ಪರಮಶಿವಯ್ಯ. ಆ ಒಂದು ತಿಂಗಳಲ್ಲಿ ತೋಟದ ಬಗ್ಗೆ ಅವರು ಆಡಿದ ಮೊದಲ ನಿಜ ಅದು.

ರೇವಣಸಿದ್ದಯ್ಯನವರು ತೋಟ ಮುಂದುವರಿಯಬೇಕೆಂದು ಬರೆದರು. ಕೂದಲನ್ನು ತಿಂಗಳಿಗೊಮ್ಮೆ ಹೊಸದಾಗಿ ಹಾಕಬೇಕು, ಅದನ್ನು ಹೆಡ್‌ಮಾಸ್ಟರು ಖುದ್ದಾಗಿ ನೋಡಿ ರುಜು ಮಾಡಬೇಕು ಎಂದೂ ಕೆಳಗೆ ಸೇರಿಸಿದರು.

ಮುಂದಿನ ಸೋಮವಾರ ಪಿಳ್ಳಮ್ಮ ಬದುವಿನ ಈಚೆ, ಹೆಡ್‌ಮಾಸ್ಟರ ಮನೆಯ ಕಡೆಗೂ ಒಂದು ಪಾತಿ ಅಗೆದು ಮೂಲಂಗಿ ಬೀಜ ಬಿತ್ತಿದಳು.