ದ್ರಾಕ್ಷಿ ತೊಟ್ಟಿಯಲ್ಲಿ ಸಿಕ್ಕ ಎಳೆ

ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ಆ ರಾತ್ರಿ ಜೊತೆಗಿದ್ದ ನನ್ನ ತಂಗಿ ಶಿವಮ್ಮ ತನ್ನ ಗಂಡನ ಊರು ಅಗರದಲ್ಲೇ ಇದ್ದಾಳೆ. ಕೇಳಿದರೆ ಹೇಳುತ್ತಾಳೆ. ಒಂದು ಮಾತೂ ಹೆಚ್ಚುಕಡಿಮೆ ಇರುವುದಿಲ್ಲ.

ನನ್ನದು ಕೊಳ್ಳೇಗಾಲ. ಇಪ್ಪತ್ತೈದು ವರ್ಷದಿಂದ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ. ಹೋದ ವರ್ಷ ಬಟ್ಟೆ ಅಂಗಡಿಯೊಂದರ ಲಕ್ಕಿ ಡ್ರಾದಲ್ಲಿ ನನಗೆ ಬಹುಮಾನ ಬಂತು. ಮೈಸೂರು ಕಾಣುವ ಗುಡ್ಡದ ಮೇಲಿನ ದೊಡ್ಡ ಹೋಟೆಲಿನಲ್ಲಿ ಇಬ್ಬರಿಗೆ ಒಂದು ರಾತ್ರಿ.

"ನಂಗ್ಯಾಕೆ ಅವೆಲ್ಲ? ನಿನ್ ತಂಗೀನ ಕರ್ಕಂಡ್ ಓಗು" ಎಂದರು ನಮ್ಮ ಯಜಮಾನರು.

ಆ ಹೋಟೆಲಿನಲ್ಲಿ ಎಲ್ಲವೂ ವೈನ್. ಪರದೆ, ಹಾಸಿಗೆ, ಸೋಪು... ಎಲ್ಲಕ್ಕೂ ಅದೇ ಕೆಂಪು, ಅದೇ ವಾಸನೆ. ಭಾನುವಾರವಾದ್ದರಿಂದ ಕೆಳಗೆ ಅರಮನೆಗೆ ದೀಪ ಹಾಕಿದ್ದರು. ನೋಡಲು ಚೆಂದ. ಆದರೆ ಒಂಚೂರು ಗಾಳಿ ಬರಲೆಂದು ಕಿಟಕಿ ತೆರೆಯಹೋದರೆ, ಅದು ತೆರೆಯುವ ಕಿಟಕಿಯೇ ಅಲ್ಲ.

ರಾತ್ರಿ ಎಂಟಕ್ಕೆ ಬಹುಮಾನದಲ್ಲೇ ಸೇರಿದ್ದ ವೈನ್ ಸ್ನಾನ. ಎರಡು ಮರದ ತೊಟ್ಟಿ, ನಡುವೆ ಪರದೆ. ಬಿಸಿನೀರಿಗೆ ವೈನ್ ಸುರಿದು, ಹಿಂಡಿದ ದ್ರಾಕ್ಷಿಯ ಸಿಪ್ಪೆ, ಬೀಜ ಎಲ್ಲ ಹಾಕಿದ್ದರು.

"ಅಕ್ಕ, ಇದು ಎಂಡ ಅಲ್ವಾ? ನಮ್ಮತ್ತೆಗೆ ಗೊತ್ತಾದ್ರೆ ಒಳಿಕ್ಕೇ ಬುಟ್ಕಳಾಕಿಲ್ಲ."

"ಬಾಯ್ಗೆ ಓಗ್ದಿದ್ರೆ ಸಾಕು. ಸುಮ್ಕೆ ಕೂತ್ಕೊ ಕಣೇ."

"ಅರ್ಧ ಗಂಟೆ ಆರಾಮಾಗಿರಿ ಮೇಡಂ" ಎಂದು ಅಲ್ಲಿಯ ಹುಡುಗಿ ಬಾಗಿಲೆಳೆದುಕೊಂಡು ಹೋದಳು.

ಆರಾಮವೆಲ್ಲಿ! ಸಿಪ್ಪೆಗಳು ಲೋಳೆಲೋಳೆಯಾಗಿ ಕಂಕುಳಿಗೆ, ತೊಡೆಸಂದಿಗೆ ಅಂಟಿಕೊಂಡವು. ಯಾರ್ಯಾರು ಇಳಿದೆದ್ದ ತೊಟ್ಟಿಯೋ ಎಂದು ಮೈ ಜುಮ್ಮೆಂದಿತು. ಬೆಂದ ರೇಷ್ಮೆಹುಳದ ನಾತ ನನಗೆ ಅಭ್ಯಾಸ. ಅದು ನಮ್ಮ ಅನ್ನ. ಇದು ಬೇರೆ. ಸಿಹಿಯಾಗಿ ಕೊಳೆತದ್ದು... ಉಸಿರೆಳೆದರೆ ನಾಲಿಗೆಯ ಮೇಲೆ ಕೂರುತ್ತಿತ್ತು.

ಬಿಸಿನೀರಿನಲ್ಲಿ ನನ್ನ ಬೆರಳುಗಳು ಸುಮ್ಮನಿರುವುದಿಲ್ಲ. ಎಳೆಯ ತುದಿ ಹುಡುಕುತ್ತವೆ. ಅಲ್ಲೂ ಹುಡುಕಿದವು.

ಒಂದು ತುದಿ ಸಿಕ್ಕಿತು...

ಕೂದಲು. ಥೂ!

ಬಿಸಾಡಬೇಕಿತ್ತು. ಆದರೆ ನಮ್ಮ ಕೆಲಸದಲ್ಲಿ ಸಿಕ್ಕ ತುದಿಯನ್ನು ಬಿಡುವಂತಿಲ್ಲ, ಹರಿಯುವಂತಿಲ್ಲ. ಕೈ ತಾನಾಗಿ ಎಳೆದು ಬೆರಳಿಗೆ ಸುತ್ತತೊಡಗಿತು. ಬಂತು... ಬರುತ್ತಲೇ ಇತ್ತು. ಒಂದು ಮೊಳ, ಎರಡು ಮೊಳ, ನಾಲ್ಕು ಮೊಳ. ಒಂದೇ ಎಳೆ, ಎಲ್ಲೂ ಗಂಟಿಲ್ಲ. ಕೈ ನಿಲ್ಲಲಿಲ್ಲ.

"ಅಕ್ಕ... ತಲೆ ಎಳೀಬ್ಯಾಡ" ಎಂದಳು ಶಿವಮ್ಮ ಪರದೆಯಾಚೆಯಿಂದ.

"ನಾನೆಲ್ಲೇ ಎಳ್ದೆ? ಇಲ್ಲೇ ಕುಂತಿವ್ನಿ."

"ಮತ್ಯಾರಕ್ಕ? ಕೂದ್ಲಿಡ್ದು ಒಳಿಕ್ಕೆ... ಅಕ್ಕ..."

ಮಾತು ಗುಳುಗುಳು ಎಂದು ನೀರಿನಲ್ಲಿ ಮುಳುಗಿತು.

ಪರದೆ ಸರಿಸಿದೆ. ತಂಗಿಯ ಮುಖ ಆ ಕೆಂಪು ನೀರಿನ ಕೆಳಗಿತ್ತು. ಎರಡೂ ಕೈ ತೊಟ್ಟಿಯ ಅಂಚು ಹಿಡಿದು ಒದ್ದಾಡುತ್ತಿದ್ದಳು. ನನ್ನ ಬೆರಳಿನ ಎಳೆ ತಂತಿಯಂತೆ ಬಿಗಿದು, ನನ್ನದೇ ತೊಟ್ಟಿಯ ತಳಕ್ಕೆ ಇಳಿದಿತ್ತು. ಎರಡು ತೊಟ್ಟಿಗಳ ನಡುವೆ ಇದ್ದದ್ದು ಬರೀ ಕಲ್ಲಿನ ನೆಲ.

ಬಿಚ್ಚಲು ನೋಡಿದೆ. ಬೆರಳಿಗೆ ಕಚ್ಚಿಕೊಂಡಿತ್ತು. ಜಗ್ಗಿದರೆ ಹರಿಯಲಿಲ್ಲ. ಬೇರೆ ದಾರಿ ಕಾಣದೆ ಬಾಯಿಗೆ ಹಾಕಿಕೊಂಡು ಹಲ್ಲಿನಿಂದ ಕಡಿದೆ.

ಕಡಿದ ಕ್ಷಣವೇ ಶಿವಮ್ಮ ಉಬ್ಬಸಪಡುತ್ತ ಮೇಲೆದ್ದಳು.

ಆದರೆ ಬೆರಳಿನ ಸುರುಳಿ ಸಡಿಲವಾಗಿ ನನ್ನ ಬಾಯೊಳಕ್ಕೆ ಜಾರಿತು. ಉಗುಳಬೇಕು ಎನ್ನುವಷ್ಟರಲ್ಲಿ ಗಂಟಲಿಗಿಳಿಯಿತು. ಹುಳಿಹುಳಿ, ಉಗುರುಬೆಚ್ಚಗೆ... ತಾನಾಗಿ ಇಳಿಯಿತು.

ಅಲ್ಲೇ ಎರಡು ಸಲ ವಾಂತಿ ಮಾಡಿದೆ. ಉಂಡದ್ದೆಲ್ಲ ಬಂತು. ಅದು ಬರಲಿಲ್ಲ.

ನಮ್ಮ ಕೂಗಿಗೆ ಆ ಹುಡುಗಿ ಓಡಿಬಂದಳು. ಎರಡೂ ತೊಟ್ಟಿ ಖಾಲಿ ಮಾಡಿ ನೀರು ಹೋಗುವ ತೂತಿನ ಜಾಲರಿ ತೋರಿಸಿದಳು. ಸಿಪ್ಪೆ, ಬೀಜ, ಅಷ್ಟೆ. "ಬಿಸಿಗೆ ತಲೆ ಸುತ್ತಿರುತ್ತೆ ಮೇಡಂ" ಎಂದಳು. ನಾವು ದೀಪ ಆರಿಸದೆ ಕೂತಿದ್ದು, ಬೆಳಗಿನ ಮೊದಲ ಬಸ್ಸು ಹತ್ತಿದೆವು.

ಊರಿಗೆ ಬಂದ ಮೇಲೆ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿದರು. ಏನೂ ಇಲ್ಲವಂತೆ. ಆದರೆ ಎಂಜಲು ನುಂಗುವಾಗಲೆಲ್ಲ ಒಂದು ಎಳೆ ಅಲ್ಲಿ ಅಡ್ಡ ನಿಂತಿರುತ್ತದೆ.

ಮೊನ್ನೆ ಬೆಳಿಗ್ಗೆ ಕಾಫಿ ಕುಡಿಯುವಾಗ ಕೆಮ್ಮು ಹತ್ತಿತು. ತಡೆಯಲಾಗದ ಕೆಮ್ಮು. ಅದು ನಿಲ್ಲುವ ಮೊದಲೇ ಫೋನು ಬಂತು. ಅಗರದಿಂದ ಶಿವಮ್ಮ. ಅಳುತ್ತಿದ್ದಳು.

"ಕೆಮ್ಮಬ್ಯಾಡ ಕಣಕ್ಕ... ನಿನ್ ಕಾಲಿಗ್ ಬೀಳ್ತೀನಿ. ತಲೆ ಕಿತ್ಕಂಡ್ ಬತ್ತಾ ಅದೆ."

ಅಂದಿನಿಂದ ಬಾಯಿಗೆ ಸೆರಗು ಒತ್ತಿಕೊಂಡೇ ಓಡಾಡುತ್ತೇನೆ. ಇದನ್ನು ಬರೆಯುತ್ತಿರುವಾಗಲೂ ಗಂಟಲು ಕೆರೆಯುತ್ತಿದೆ...